ಐದು ಮಣಿ ಹೆಚ್ಚು

ವಳಸಂಗದಲ್ಲಿ ನಮ್ಮದು ಪೋಣಿಸುವ ಮನೆ. ರುದ್ರಾಕ್ಷಿ ಸರ, ಕೊರಳಿನ ಲಿಂಗಕ್ಕೆ ಶಿವದಾರ, ಕೂಸುಗಳ ಉಡದಾರ, ಹರಿದ ಗುಂಡಿನ ಸರ, ಏನಿದ್ದರೂ ಸುತ್ತಿನ ಹಳ್ಳಿಯವರು ನಮ್ಮ ಪಡಸಾಲೆಗೇ ತರುತ್ತಿದ್ದರು. ಮುಸಲ್ಮಾನರ ಮನೆಗಳಿಂದ ಅವರ ಜಪಮಾಲೆ ತಸ್ಬಿಯೂ ಬರುತ್ತಿತ್ತು. ಅಪ್ಪ ಮಣಿ, ದಾರ ತರಲು ವಿಜಾಪುರ, ಮಿರಜ ಎಂದು ತಿರುಗುತ್ತಿದ್ದ. ಕೂತು ಪೋಣಿಸುವವಳು ನಾನು. ಗಂಡನ ಮನೆಗೆ ಹೋಗಿ, ಅತ್ತೆಯ ಬಾಯಿಗೂ ನನ್ನ ಬಾಯಿಗೂ ಒಂದೇ ಸೂರು ಸಾಲದೆಂದು ಎರಡೇ ವರ್ಷಕ್ಕೆ ತಿಳಿದು, ತಿರುಗಿ ಬಂದಿದ್ದೆ. ಆಗ ನನಗೆ ಇಪ್ಪತ್ತೊಂದು. ಊರ ಮಂದಿ ನನ್ನ ಬಗ್ಗೆ ಏನು ಬೇಕಾದರೂ ಅನ್ನುತ್ತಿದ್ದರು. ನಾನು ಹಾಕಿದ ಗಂಟಿನ ಬಗ್ಗೆ ಮಾತ್ರ ಯಾರೂ ತುಟಿ ಎರಡು ಮಾಡುತ್ತಿರಲಿಲ್ಲ. ಆ ಸೊಕ್ಕು ನನಗೆ ಇತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮ ಕೆಲಸಕ್ಕೆ ಒಂದು ಲೆಕ್ಕ ಉಂಟು. ಜಪದ ಮಾಲೆ ಎಂದರೆ ನೂರೆಂಟು. ಸಣ್ಣದು ಬೇಕೆಂದರೆ ಅದರ ಅರ್ಧ ಐವತ್ನಾಲ್ಕು, ಇನ್ನೂ ಸಣ್ಣದಕ್ಕೆ ಇಪ್ಪತ್ತೇಳು. ತುದಿಯಲ್ಲಿ ಬರುವ ದೊಡ್ಡ ಮಣಿ ಮೇರು. ಬೇರೆ ಕಡೆ ಮೇರುವನ್ನು ಎಣಿಕೆಗೆ ಹಿಡಿಯುವುದಿಲ್ಲವಂತೆ, ನಮ್ಮ ಮನೆಯಲ್ಲಿ ಹಿಡಿಯುತ್ತಿದ್ದರು. ಜಪ ಮಾಡುವವರು ಮೇರುವನ್ನು ದಾಟಬಾರದು, ಅಲ್ಲಿಂದ ಹಿಂದಕ್ಕೆ ಹೊರಳಬೇಕು. ನನ್ನ ಆಯಿ, ಅಂದರೆ ಅಪ್ಪನ ಅವ್ವ, ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಹೀಗೆ ಹೋಗಿ ಬಂದು ಮಾಡುತ್ತಿದ್ದಳು. ಬಾಯಲ್ಲಿ ಶಿವನಾಮ, ಕಣ್ಣು ಮಾತ್ರ ಓಣಿಯ ಮೇಲೆ. ಯಾರ ಎಮ್ಮೆ ಎಷ್ಟು ಹೊತ್ತಿಗೆ ಮನೆಗೆ ಬಂತು ಎಂಬುದು ಜಪ ಮುಗಿಯುವ ಹೊತ್ತಿಗೆ ಆಕೆಗೆ ಗೊತ್ತಿರುತ್ತಿತ್ತು.

ಜತ್ತಿನ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ನಾಲ್ಕೈದು ವರ್ಷವಾಗಿತ್ತು. ಊರಿಗೆ ಒಬ್ಬ ನರ್ಸಬಾಯಿಯನ್ನು ಹಾಕಿದ್ದರು. ಹೆರಿಗೆ ಮಾಡಿಸುವುದು, ಸಿಡುಬು ಬಾರದಂತೆ ಮಕ್ಕಳಿಗೆ ದೇವಿ ಹಾಕುವುದು ಅವರ ಕೆಲಸ. ಕಾರವಾರದ ಕಡೆಯವರು, ಕ್ರಿಶ್ಚನ್ನರು, ವಯಸ್ಸು ಮೂವತ್ತೈದರ ಆಸುಪಾಸು, ಮದುವೆಯಾಗಿರಲಿಲ್ಲ. ನಮ್ಮ ಹಿತ್ತಲ ಕಡೆಯ ಖೋಲಿಯಲ್ಲಿದ್ದರು. ಅವರು ಆಡುತ್ತಿದ್ದುದು ಸಾಲಿಯ ಪುಸ್ತಕದ ಕನ್ನಡ. ನಮ್ಮ ‘ರಿ’ಯನ್ನು ಕಲಿತು, ಅದನ್ನು ಬೇಕಾದಲ್ಲಿ ಬಿಟ್ಟು ಬೇಡವಾದಲ್ಲಿ ಹಾಕುತ್ತಿದ್ದರು. ಒಮ್ಮೆ ನಮ್ಮ ಆಡಿಗೂ "ಹೋಗ್ರಿ" ಎಂದಿದ್ದರು. ಅವರ ಗುಡಿ, ಇಗರ್ಜಿ, ನಮ್ಮ ಸೀಮೆಯಲ್ಲಿ ಎಲ್ಲೂ ಇರಲಿಲ್ಲ. ಸಂಜೆ ಖೋಲಿಯ ಬಾಗಿಲು ಮುಂದೆ ಮಾಡಿಕೊಂಡು ಕೊಂಕಣಿಯಲ್ಲಿ ಏನೋ ಜಪಿಸುವುದು ಕೇಳಿಸುತ್ತಿತ್ತು. ಅವರ ಸರ ಯಾವುದೋ ಬಸ್ಸಿನಲ್ಲಿ ಕಳೆದುಹೋಗಿತ್ತಂತೆ. ಬೆರಳ ಗೆಣ್ಣಿನ ಮೇಲೆ ಎಣಿಸುತ್ತಿದ್ದರು.

ಆ ವರ್ಷ ಜೋಳ ತೆನೆ ಬಿಡುವ ಹೊತ್ತಿಗೆ ಅವರನ್ನು ಕುಣಿಕೋಣೂರಿನಿಂದ ಗಾಡಿ ತಂದು ಕರೆದುಕೊಂಡು ಹೋದರು. ಚೊಚ್ಚಲ ಹೆರಿಗೆ, ಕೂಸು ಕಾಲು ಮುಂದಾಗಿ ಬರುತ್ತಿತ್ತು. ಎರಡು ದಿನ ಅಲ್ಲೇ ಇದ್ದು ತಾಯಿ, ಕೂಸು ಇಬ್ಬರನ್ನೂ ಉಳಿಸಿ ಬಂದರು. ಬಂದಾಗ ಮನೆಯಲ್ಲಿ ತಾರು ಕಾದಿತ್ತು. ಅವರ ತಾಯಿ ತೀರಿಕೊಂಡಿದ್ದರು. ತಾರು ಬಂದು ಒಂದು ದಿನವಾಗಿತ್ತು, ಆ ಹೊತ್ತಿಗೆ ಕಾರವಾರದಲ್ಲಿ ಮಣ್ಣೂ ಆಗಿತ್ತು. ಹೋಗಿ ಮಾಡುವುದೇನು? ಮೈಗೆ ನೀರು ಹಾಕಿಕೊಂಡು, ಆಯಿ ಒತ್ತಾಯಕ್ಕೆ ಕೊಟ್ಟ ನುಚ್ಚು ಮಜ್ಜಿಗೆ ಉಂಡು, ಮರುದಿನ ಕೆಲಸಕ್ಕೆ ಹೋದರು. ಅತ್ತದ್ದನ್ನು ನಾನು ನೋಡಲಿಲ್ಲ. ಅಳಲಿಲ್ಲ ಎಂದು ಹೇಳುವ ಹಕ್ಕೂ ನನಗಿಲ್ಲ.

ಎಂಟು ದಿನಕ್ಕೆ ಅಂಚೆಯಲ್ಲಿ ಒಂದು ತಗಡಿನ ಡಬ್ಬಿ ಬಂತು. ಅದನ್ನು ತಂದು ನನ್ನ ಮುಂದಿನ ಮಣೆಯ ಮೇಲೆ ಇಟ್ಟರು.

"ಅಮ್ಮನ ಜಪಸರ ತಂಗಿ. ದಾರ ಹೋಗಿದೆ. ಪೋಣಿಸಿ ಕೊಡ್ತೀಯಾ?"

ಸತ್ತವರ ಕೈಗೆ ಜಪಸರ ಸುತ್ತಿ ಮಣ್ಣು ಮಾಡುವುದು ಅವರ ಪದ್ಧತಿಯಂತೆ. ನಮ್ಮಲ್ಲಿ ಅಂಗೈಯಲ್ಲಿ ಲಿಂಗ ಇಡುವುದಿಲ್ಲವೇ, ಹಾಗೆ. ಆ ತಾಯಿಯ ಬೆರಳಿಗೆ ಸುತ್ತಲು ಹೋದಾಗ ಹಳೆಯ ದಾರ ಹಿಸಿದು ಮಣಿಗಳೆಲ್ಲ ನೆಲಕ್ಕೆ ಚೆಲ್ಲಿದವು. ಪೋಣಿಸಲು ಹೊತ್ತಿರಲಿಲ್ಲ. ಅಣ್ಣನ ಹೆಂಡತಿ ಆರಿಸಿ ತುಂಬಿ, ಮಗಳಿಗಾದರೂ ಇರಲಿ ಎಂದು ಕಳಿಸಿದ್ದಳು.

"ಖಾಲಿ ಕೈಯಲ್ಲಿ ಹೋದಳು," ಎಂದರು ನರ್ಸಬಾಯಿ. ಆಮೇಲೆ ಕೆಲಸದ ಮಾತಿಗೆ ಬಂದರು. ಸತ್ತ ಮೂವತ್ತನೆಯ ದಿನ ಅವರಲ್ಲಿ ಇಗರ್ಜಿಯಲ್ಲಿ ಪೂಜೆ ಮಾಡಿಸುತ್ತಾರೆ. ಇವರಿಗೆ ರಜೆ ಇಲ್ಲ, ಇಗರ್ಜಿಯೂ ಇಲ್ಲ. ಆ ಸಂಜೆ ತಾಯಿಯ ಮಣಿಗಳ ಮೇಲೇ ತಾಯಿಗಾಗಿ ಜಪ ಮಾಡಬೇಕು. ಇಷ್ಟೇ ಅವರ ಆಸೆ. ಮರುದಿನವೇ ಅವರು ದೇವಿ ಹಾಕುವ ಕೆಲಸಕ್ಕೆ ಜತ್ತಿನ ಕಡೆ ಹೊರಟಿದ್ದರು, ಹದಿನೈದು ದಿನದ ತಿರುಗಾಟ. ಬರುವುದರೊಳಗೆ ಮಾಡಿಡು ಎಂದು ಹೇಳಿ ಹೋದರು.

ಹೇಗೆ ಪೋಣಿಸಬೇಕು ಎಂದು ನಾನು ಕೇಳಲಿಲ್ಲ. ಪೋಣಿಸುವವಳಿಗೆ ಪೋಣಿಸುವುದನ್ನು ಕೇಳುವ ಅಗತ್ಯ ಏನು?

ಡಬ್ಬಿಯನ್ನು ತಟ್ಟೆಗೆ ಸುರಿದೆ. ಸಣ್ಣ ಮಣಿಗಳು ಕರಟದವು, ಕಂದು ಬಣ್ಣ, ಸವೆದು ನುಣ್ಣಗಾಗಿದ್ದವು. ಎಣಿಸಿದೆ, ಐವತ್ಮೂರು. ದೊಡ್ಡವು ಶಂಖದ ಹಾಗೆ ಬಿಳಿ, ಅವು ಆರು. ಒಂದು ಶಿಲುಬೆ, ಮೂರು ಕಡೆ ತೂತಿದ್ದ ಒಂದು ಬೆಳ್ಳಿಯ ಬಿಲ್ಲೆ. ಒಟ್ಟು ಮಣಿ ಐವತ್ತೊಂಬತ್ತು. ಇದು ಯಾವ ಲೆಕ್ಕ? ತಸ್ಬಿಯಲ್ಲಿ ಮೂವತ್ಮೂರಕ್ಕೆ ಒಂದು ಬೇರೆ ಮಣಿ ಬರುತ್ತದೆ, ಅದು ನನಗೆ ಗೊತ್ತಿತ್ತು. ಹಾಗೇನಾದರೂ ಇದ್ದೀತೆಂದು ಐವತ್ಮೂರನ್ನು ಪಾಲು ಹಾಕಿ ನೋಡಿದೆ. ಎರಡಕ್ಕೂ ಒಡೆಯದು, ಮೂರಕ್ಕೂ ಒಡೆಯದು, ಯಾವುದಕ್ಕೂ ಒಡೆಯದು. ಆಗ ಹೊಳೆಯಿತು. ಐವತ್ಮೂರಕ್ಕೆ ಒಂದು ದೊಡ್ಡದು ಸೇರಿಸಿದರೆ ಐವತ್ನಾಲ್ಕು, ಅರ್ಧ ಮಾಲೆ! ಉಳಿದ ಐದು ಮಣಿ ಹೆಚ್ಚು. ಚೆಲ್ಲಿದ್ದನ್ನು ಆರಿಸುವಾಗ ಮತ್ಯಾವುದೋ ಸರದವು ಸೇರಿರಬೇಕು. ಕಾರವಾರದವರಿಗೆ ಎಣಿಕೆ ಎಲ್ಲಿ ಬರಬೇಕು ಎಂದುಕೊಂಡು ನಾನೊಬ್ಬಳೇ ನಕ್ಕೆ.

ಮೇಣ ಸವರಿದ ಗಟ್ಟಿ ದಾರ ತೆಗೆದುಕೊಂಡು, ಐವತ್ಮೂರು ಕರಟದ ಮಣಿಯನ್ನು ಒಂದೇ ಸಮನೆ ಸುತ್ತು ಹಾಕಿ, ಬಿಲ್ಲೆಗೆ ಕೂಡಿಸಿ, ಕೆಳಗೆ ಒಂದು ಬಿಳಿ ಮಣಿಯನ್ನು ಮೇರು ಮಾಡಿ, ಅದರ ಕೆಳಗೆ ಶಿಲುಬೆ ಇಳಿಬಿಟ್ಟೆ. ಬಹಳ ಚೆನ್ನಾಗಿ ಬಂದಿತ್ತು. ಅಂಥ ಗಂಟು ಇವತ್ತಿಗೂ ನನ್ನ ಕೈಯಲ್ಲಿ ಬಂದೀತೇ ಎಂಬ ಅನುಮಾನ. ಉಳಿದ ಐದು ಬಿಳಿ ಮಣಿಗಳನ್ನು ಅಂಗಡಿಯ ಹಿತ್ತಾಳೆ ಬಟ್ಟಲಿಗೆ ಹಾಕಿದೆ.

ಆ ಬಟ್ಟಲಿನದೊಂದು ರೂಢಿ. ಜಪದ ಸರಗಳಲ್ಲಿ ಉಳಿದ ಬಿಡಿ ಮಣಿಯನ್ನು ನಮ್ಮ ಮನೆಯವರು ಚೆಲ್ಲುವುದಿಲ್ಲ, ಮಾರುವುದೂ ಇಲ್ಲ. ಯಾರ ಮನೆಯಲ್ಲಾದರೂ ಕೂಸು ಹುಟ್ಟಿದರೆ ಅವರು ಬಂದು ಒಂದು ಮಣಿ ಕೇಳಿ ಒಯ್ಯುತ್ತಾರೆ. ದೃಷ್ಟಿ ತಾಗಬಾರದೆಂದು ಕೂಸಿನ ಉಡದಾರಕ್ಕೆ ಕಟ್ಟುತ್ತಾರೆ. ಜಪ ತುಂಬಿಕೊಂಡ ಮಣಿ ಕೂಸನ್ನು ಕಾಯುತ್ತದೆ ಎಂಬ ನಂಬಿಕೆ. ಕೊಡುವುದು ಆಯಿಯ ಕೆಲಸ.

ಹದಿನೈದು ದಿನ ಕಳೆದು ನರ್ಸಬಾಯಿ ಬಂದರು. ಬಿಸಿಲಿಗೆ ಮುಖ ಕಪ್ಪಾಗಿತ್ತು. ಕೈಕಾಲು ತೊಳೆದುಕೊಂಡು ಸೀದಾ ಪಡಸಾಲೆಗೆ ಬಂದು ಕೂತರು. ಸರವನ್ನು ಅವರ ಕೈಗೆ ಇಟ್ಟೆ. ಶಿಲುಬೆಯನ್ನು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಬೆರಳು ತಾನಾಗಿಯೇ ಮಣಿಗಳ ಮೇಲೆ ಸಾಗಿತು. ಹತ್ತು ಮಣಿ ದಾಟಿ ನಿಂತಿತು. ಅಲ್ಲಿ ಅವರಿಗೆ ಏನೋ ಸಿಗಬೇಕಿತ್ತು, ಸಿಗಲಿಲ್ಲ. ಮತ್ತೆ ಮೊದಲಿನಿಂದ ಹಿಡಿದರು. ಮತ್ತೆ ಅಲ್ಲೇ ನಿಂತಿತು.

"ದೊಡ್ಡ ಮಣಿಗಳೆಲ್ಲಿ ತಂಗಿ?"

"ಐದ ಮಣಿ ಹೆಚ್ಚಿಗಿ ಇದ್ದುವ್ರಿ ಬಾಯಾರ. ತಗದ ಇಟ್ಟೀನಿ," ಎಂದೆ. ಹೊಗಳಿಸಿಕೊಳ್ಳುವ ತಯಾರಿಯಲ್ಲಿದ್ದೆ.

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಆಡಿ ಹಗುರಾಗುತ್ತಿದ್ದೆ. ಸರವನ್ನು ಮಣೆಯ ಮೇಲೆ ಹಾಸಿ ತೋರಿಸಿದರು. ಹತ್ತು ಸಣ್ಣ ಮಣಿ, ಒಂದು ದೊಡ್ಡದು, ಮತ್ತೆ ಹತ್ತು, ಹೀಗೆ ಐದು ಹತ್ತು, ಅವುಗಳ ನಡುವೆ ನಾಲ್ಕು ದೊಡ್ಡವು. ಬಿಲ್ಲೆಯ ಕೆಳಗಿನ ಬಾಲದಲ್ಲಿ ಒಂದು ದೊಡ್ಡದು, ಮೂರು ಸಣ್ಣವು, ಮತ್ತೆ ಒಂದು ದೊಡ್ಡದು, ಕೊನೆಗೆ ಶಿಲುಬೆ. ಶಿಲುಬೆ ಹಿಡಿದು ನಂಬಿಕೆಯ ಮಾತು ಹೇಳುವುದು. ಸಣ್ಣ ಮಣಿಗೆ ಮರಿಯಮ್ಮನಿಗೆ ನಮಸ್ಕಾರ, ದೊಡ್ಡದಕ್ಕೆ ಪರಲೋಕದ ತಂದೆಗೆ ಪ್ರಾರ್ಥನೆ. ಇದಿಷ್ಟು ಬಾಯಿಯ ಕೆಲಸ. ಮನಸ್ಸಿಗೆ ಬೇರೆ ಕೆಲಸ. ಒಂದೊಂದು ಹತ್ತಕ್ಕೂ ಆ ಮರಿಯಮ್ಮ ಮತ್ತು ಅವಳ ಮಗನ ಬದುಕಿನ ಒಂದೊಂದು ಘಟನೆಯನ್ನು ನೆನೆಯುತ್ತ ಹೋಗಬೇಕು. ಸೋಮವಾರ, ಗುರುವಾರ ಸಂತೋಷದವು: ದೇವದೂತ ಬಂದು ಸುದ್ದಿ ಹೇಳಿದ್ದು, ಬಸುರಿ ಬಸುರಿಯನ್ನು ನೋಡಲು ಹೋದದ್ದು, ಕೂಸು ಹುಟ್ಟಿದ್ದು, ಗುಡಿಗೆ ಒಯ್ದದ್ದು, ಕಳೆದ ಮಗ ಸಿಕ್ಕಿದ್ದು. ಮಂಗಳವಾರ, ಶುಕ್ರವಾರ ದುಃಖದವು. ಉಳಿದ ದಿನ ಮಹಿಮೆಯವು.

"ಹಂಗಾರ ಮೇರು ಎಲ್ಲಿ?" ಎಂದಳು ಕಟ್ಟೆಯ ಮೇಲಿದ್ದ ಆಯಿ.

"ಮೇರು ಇಲ್ರಿ ಆಯಿ. ತಿರುಗೋದಿಲ್ಲ ನಾವು. ಮುಂದೇ ಹೋಗೋದು, ಸುತ್ತು ಹಾಕಿ ಹೊರಟಲ್ಲಿಗೇ ಬರೋದು."

ಆಯಿಗೆ ಅದು ಸರಿ ಬರಲಿಲ್ಲ. ಹಿಂದಕ್ಕೆ ತಿರುಗದೆ ಯಾವ ಜಪ ಎಂದು ಗೊಣಗಿದಳು. ನನಗೆ ಮಾತ್ರ ಆ ಹೊತ್ತಿಗೆ ನಗು ಬರುವಂತಿರಲಿಲ್ಲ. ಆದರೂ ಸೋಲಲು ಮನಸ್ಸಿಲ್ಲ. "ಸಣ್ಣ ಮಣಿ ಎಲ್ಲಾ ಅದಾವಲ್ರಿ. ಹತ್ತಕ್ಕೊಮ್ಮೆ ಬೆರಳ ಮಡಚಿದ್ರ ಆಗ್ಲಿಕ್ಕಿಲ್ಲೇನ್ರಿ?" ಎಂದು ಕೇಳಿದೆ.

"ಆಗ್ತದೆ. ದೇವರಿಗೆ ಬೆರಳೂ ಸಾಕು," ಎಂದರು. "ಆದರೆ ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ದೊಡ್ಡ ಮಣಿ ಹಿಡಿದು, ಈ ಹತ್ತು ಯಾರಿಗಾಗಿ ಎಂದು ಹೆಸರು ಹೇಳಬೇಕು. ಅಮ್ಮ ನನ್ನ ಹೆಸರು ಹೇಳ್ತಿದ್ದಳು, ದಿನಾ. ನಾನು ಅವಳ ಹೆಸರು ಎಲ್ಲಿ ಹೇಳಲಿ?"

ನಾನು ಎದ್ದು ಬಟ್ಟಲು ತಂದೆ. ಕೈ ಹಾಕಿದರೆ ಬಿಳಿ ಮಣಿ ಎರಡೇ ಸಿಕ್ಕವು.

"ಆಯಿ, ಉಳಿದ್ವು?"

"ಕೂಸುಗೋಳಿಗಿ ಕೊಟ್ಟೆ. ಬಿಳೀ ಮಣಿ, ದೇವರ ಮಣಿ. ಅದಕ್ಕಿಂತ ಚಲೋ ಏನ್ ಬೇಕ?" ಆಯಿಯ ಲೆಕ್ಕ ಸ್ಪಷ್ಟವಾಗಿತ್ತು. ಒಂದು ನಮ್ಮದೇ ಓಣಿಯ ಮುಸಲ್ಮಾನ ದರ್ಜಿಯ ಮೊಮ್ಮಗನಿಗೆ. ಒಂದು ಪಕ್ಕದ ಸನಮಡಿ ಊರಿಗೆ. ಒಂದು ಕುಣಿಕೋಣೂರಿಗೆ, ನರ್ಸಬಾಯಿ ಎರಡು ದಿನ ಕೂತು ಉಳಿಸಿದ ಕೂಸಿಗೇ. ಹದಿಮೂರನೆಯ ದಿನದ ತೊಟ್ಟಿಲಿಗೆ ಅದರ ಅಜ್ಜ ಬಂದು ಕೇಳಿ ಒಯ್ದಿದ್ದ.

ತಪ್ಪನ್ನು ಆಯಿಯ ಮೇಲೆ ಹಾಕಿ ನೋಡಿದೆ, ಹತ್ತಲಿಲ್ಲ. ಬಟ್ಟಲಿಗೆ ಹಾಕಿದವಳು ನಾನು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ನಾಚಿಕೆಯಾಯಿತು. ಗಂಡನ ಮನೆ ಬಿಟ್ಟು ಬರುವಾಗಲೂ ಅಷ್ಟು ನಾಚಿಕೆ ಆಗಿರಲಿಲ್ಲ. ಮೂವತ್ತನೆಯ ದಿನಕ್ಕೆ ಐದು ದಿನ ಉಳಿದಿತ್ತು.

"ನಾ ತಂದು ಕೊಡ್ತೀನ್ರಿ," ಎಂದೆ.

"ಇಬ್ಬರೂ ಹೋಗೋಣ. ಅವು ನಾನು ಹಿಡಿದ ಕೂಸುಗಳು. ನಾನು ಬಂದರೆ ಬೇಡ ಅನ್ನಲಿಕ್ಕಿಲ್ಲ," ಎಂದರು ಅವರು.

ದರ್ಜಿಯ ಮನೆಯಲ್ಲಿ ಕೆಲಸ ಒಂದು ಮಾತಿನಲ್ಲಿ ಮುಗಿಯಿತು. ಬಿಡಿಸಿ ಹೇಳುವುದೇ ಬೇಕಾಗಲಿಲ್ಲ. "ತಸ್ಬಿಯ ಮಣಿ ಹೋದರೆ ಎಣಿಸುವವರ ಕೈ ತಬ್ಬಿಬ್ಬಾಗುತ್ತದೆ," ಎಂದು ದರ್ಜಿಯ ಹೆಂಡತಿ ತನ್ನ ದಖನಿ ಉರ್ದುವಿನಲ್ಲಿ ಹೇಳಿ, ಕೂಸಿನ ಸೊಂಟದಿಂದ ಅಲ್ಲೇ ಕತ್ತರಿಸಿ ಕೊಟ್ಟಳು. ನಾನು ಒಂದು ಹವಳದ ಮಣಿ ಕೊಟ್ಟು ಬಂದೆ.

ಸನಮಡಿಯಲ್ಲಿ ಹಾಗಾಗಲಿಲ್ಲ. ಅಲ್ಲಿ ಕೂಸಿನ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. ಮಣಿ ಕಟ್ಟಿದ ದಿನದಿಂದ ಕೂಸು ಮುಸ್ಸಂಜೆಯ ಅಳು ಬಿಟ್ಟಿದೆ, ಬಿಚ್ಚಿದರೆ ಮತ್ತೆ ಹಿಡಿಯುತ್ತದೆ, ಆಗ ಅದನ್ನು ಎತ್ತಿಕೊಂಡು ತಿರುಗುವವರು ಯಾರು, ನೀವು ಬರುತ್ತೀರಾ ಎಂದು ಕೇಳಿದಳು. ನಾನು ಐದು ಮುಖದ ರುದ್ರಾಕ್ಷಿ ಒಯ್ದಿದ್ದೆ. ಅದನ್ನು ಕೈಯಲ್ಲಿ ಹೊರಳಿಸಿ ನೋಡಿ, "ಇದು ಹೊಸಾದು. ಇದರಾಗ ಜಪಾ ಎಲ್ಲೈತಿ?" ಎಂದಳು. ಮಾತು ಖರೆಯೇ. ಅಂಗಡಿಯಿಂದ ಸೀದಾ ತಂದದ್ದು.

ಕೊನೆಗೆ ಆಕೆಯೇ ಹಾದಿ ಹೇಳಿದಳು. "ಹಡಿಸಿದಾಕಿ ನೀ ಇದ್ದೀದಿ. ನಿನ್ನ ಕೈಲೇ ಮಂತ್ರಾ ಹಾಕಿ ಕಟ್ಟ. ಅಂದ್ರ ಬಿಡ್ತೀನಿ."

ನರ್ಸಬಾಯಿ ನನ್ನ ಮುಖ ನೋಡಿದರು. ಶಿವನ ಮಣಿ, ಕಟ್ಟುವವರು ಕ್ರಿಶ್ಚನ್ನರು. ಅವರ ಪಾದ್ರಿ ಕೇಳಿದರೆ ಏನೆನ್ನುತ್ತಿದ್ದನೋ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಕರಿ ದಾರದಲ್ಲಿ ರುದ್ರಾಕ್ಷಿ ಪೋಣಿಸಿ, ತುಟಿಯಲ್ಲೇ ಏನೋ ಅಂದು ಕಟ್ಟಿದರು. ಬಿಳಿ ಮಣಿಯನ್ನು ಬಿಚ್ಚಿ ಸೆರಗಿಗೆ ಗಂಟು ಹಾಕಿಕೊಂಡರು. ಮುದುಕಿಗೆ ಪೂರ್ತಿ ಸಮಾಧಾನ. ನಮ್ಮಿಬ್ಬರಿಗೂ ಸುಟ್ಟ ಎಳೆ ಜೋಳದ ಸೀತನಿ ಕೊಟ್ಟು ಕಳಿಸಿದಳು.

ಹಾದಿಯಲ್ಲಿ ಕೇಳಿದೆ, "ಏನ ಮಂತ್ರಾ ಹಾಕಿದ್ರಿ ಬಾಯಾರ?"

"ಮರಿಯಮ್ಮಂದೇ. ಮತ್ತೇನು ಬರ್ತದೆ ನನಗೆ?" ಎಂದು ನಕ್ಕರು. ತಾಯಿ ಸತ್ತ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಇನ್ನು ಒಂದೇ ಮಣಿ ಉಳಿಯಿತಲ್ಲ ಎಂದು ನನಗೂ ಹಗುರಾಯಿತು. ಸೀತನಿ ತಿನ್ನುತ್ತ ಬಂದೆವು.

ಕುಣಿಕೋಣೂರಿಗೆ ಹೋದದ್ದು ಒಂದು ದಿನ ಬಿಟ್ಟು. ನರ್ಸಬಾಯಿ ಆ ಹೆರಿಗೆಯ ಕಥೆಯನ್ನು ಗಾಡಿಯಲ್ಲಿ ಮತ್ತೆ ಹೇಳಿದರು. ಕೂಸು ನೀಲಿಯಾಗಿ ಬಂದದ್ದು, ಬಿಸಿನೀರಿಗೊಮ್ಮೆ ತಣ್ಣೀರಿಗೊಮ್ಮೆ ಅದ್ದಿದ್ದು, ಎಷ್ಟೋ ಹೊತ್ತಿನ ಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ದನಿ ತೆಗೆದದ್ದು. "ಆ ಹೊತ್ತಿಗೇ ಅಲ್ಲಿ ಅಮ್ಮ ಹೋಗಿರಬೇಕು," ಎಂದರು. "ನಾನು ಅಲ್ಲಿಗೆ ಹೋಗಿದ್ದರೆ ಈ ಕೂಸು ಉಳೀತಿರಲಿಲ್ಲ. ಹಾಗಂತ ಮನಸ್ಸಿಗೆ ಹೇಳ್ಕೊಳ್ತೇನೆ." ಕೂಸಿಗೆಂದು ಒಂದು ಕುಲಾವಿ ಹೊಲಿದು ತಂದಿದ್ದರು.

ಮನೆಯ ಮುಂದೆ ಗಾಡಿ ನಿಂತಾಗ ಒಳಗಿನಿಂದ ಯಾರೂ ಎದ್ದು ಬರಲಿಲ್ಲ. ಬಾಣಂತಿ ಅಂಗಳದ ಬೇವಿನ ನೆರಳಿಗೆ ಕೂತಿದ್ದಳು. ಬಾಣಂತಿ ಹೊರಗೆ ಗಾಳಿಗೆ ಕೂರುವುದುಂಟೇ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಆಕೆಯ ಕುಪ್ಪಸ ಕಂಡಿತು. ಎದೆಯ ಮುಂಭಾಗ ಹಾಲಿನಿಂದ ತೊಯ್ದಿತ್ತು. ನರ್ಸಬಾಯಿಗೆ ನನಗಿಂತ ಮೊದಲೇ ತಿಳಿಯಿತು. ಗಾಡಿಯಿಂದ ಇಳಿಯುವಾಗ ಕುಲಾವಿಯನ್ನು ಚೀಲದೊಳಕ್ಕೆ ಹಾಕಿಬಿಟ್ಟರು.

ಕೂಸಿನ ಅಜ್ಜ ಹೊಲದಿಂದ ಬಂದ. ಏಳು ದಿನ ಆಯಿತು ಎಂದ. ಜ್ವರ ಬಂತು, ಮೈ ಸೆಟೆಯಿತು, ಹೋಯಿತು. ನರ್ಸಬಾಯಿಯನ್ನು ಕರೆಯಲು ಹೊರಟವನು, ಅವರು ಜತ್ತಿನ ಕಡೆ ಇದ್ದಾರೆಂದು ಹಾದಿಯಲ್ಲೇ ತಿಳಿದು ತಿರುಗಿದ್ದ. ನಾವು ಬಂದ ಕಾರಣವನ್ನು ಯಾರು ಹೇಳಬೇಕು? ನರ್ಸಬಾಯಿ ಹೇಳುವವರಲ್ಲ. ಆದರೆ ಅಜ್ಜನೇ ಕೇಳಿದ, ಹಾದಿ ತಪ್ಪಿ ಬಂದವರಲ್ಲ, ಏನು ಬಂದಿರಿ ಎಂದು. ತಪ್ಪು ಮಾಡಿದವಳು ನಾನು, ಹೇಳುವುದೂ ನನಗೇ ಬಂತು. ತಲೆ ಬಗ್ಗಿಸಿಕೊಂಡು ಹೇಳಿದೆ.

"ಉಡದಾರ ಹಂಗ ಬಿಟ್ಟು ಮಣ್ಣ ಕೊಟ್ಟೀವ್ರಿ. ಮಣಿ ಅದರಾಗ ಐತಿ," ಎಂದ ಅವನು. ಎದ್ದು ಹೋಗಿ ಸಲಿಕೆ ತಂದ. "ಬರ್ರಿ ಬಾಯಾರ. ಹೊಲದಾಗ ಬದುವಿಗೇ ಇಟ್ಟೀವಿ. ತಗದು ಕೊಡ್ತೀನಿ. ಮಂದೀ ದೇವರ ವಸ್ತು ಇಟ್ಕೊಂಡು ನಾವೇನ್ ಮಾಡೂದೈತಿ."

ಅವನು ಸಿಟ್ಟಿನಿಂದ ಹೇಳಲಿಲ್ಲ. ಹಾಗೆ ಹೇಳಿದ್ದರೆ ತಾಳಬಹುದಿತ್ತು. ಇನ್ನೊಬ್ಬರ ದೇವರ ವಸ್ತು ತನ್ನ ಮನೆಯಲ್ಲಿ ಉಳಿಯಬಾರದು ಎಂಬ ಒಂದೇ ಸಂಕೋಚ ಅವನಿಗೆ. ಬೇವಿನ ಕೆಳಗೆ ಕೂತವಳು ತಲೆ ಎತ್ತಿ ಸಲಿಕೆಯನ್ನು ನೋಡಿದಳು. ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು.

ನರ್ಸಬಾಯಿ ಮುದುಕನ ಕೈಯಿಂದ ಸಲಿಕೆ ತೆಗೆದುಕೊಂಡು ಗೋಡೆಗೆ ಆನಿಸಿದರು.

"ಬೇಡ್ರಿ ಅಜ್ಜ. ನನ್ನ ಅಮ್ಮ ಖಾಲಿ ಕೈಯಲ್ಲಿ ಹೋದಳು. ಇದಕ್ಕಾದರೂ ಒಂದು ಇರಲಿ."

ಆಮೇಲೆ ಬಾಣಂತಿಯ ಹತ್ತಿರ ಹೋಗಿ ಕೂತರು. ಹಾಲು ಕಟ್ಟಿದ ಎದೆಗೆ ಏನು ಮಾಡಬೇಕು, ಯಾವ ಬಟ್ಟೆ ಹೇಗೆ ಬಿಗಿಯಬೇಕು ಎಂದು ತೋರಿಸಿದರು. ಅವಳು ಎಲ್ಲಕ್ಕೂ ಗೋಣು ಹಾಕಿದಳು. ಏಳುವಾಗ ನರ್ಸಬಾಯಿ ಕೇಳಿದರು, "ಹೆಸರು ಏನು ಇಟ್ಟಿದ್ದೆ ಮಗಳೇ?"

ಅವಳು ಹೆಸರು ಹೇಳಿದಳು. ನಾವಿದ್ದಷ್ಟು ಹೊತ್ತಿನಲ್ಲಿ ಅವಳು ಆಡಿದ್ದು ಅದೊಂದೇ ಮಾತು.

ತಿರುಗಿ ಬರುವಾಗ ಗಾಡಿಯಲ್ಲಿ ನಾನು ಅಳುತ್ತಿದ್ದೆ. ಅವರು ಎತ್ತಿನ ಕೋಡು ನೋಡುತ್ತ ಕೂತಿದ್ದರು.

ಮರುದಿನ ಅವರನ್ನು ಎದುರಿಗೆ ಕೂರಿಸಿಕೊಂಡು, ಕೇಳಿ ಕೇಳಿ ಪೋಣಿಸಿದೆ. ಹತ್ತಾದ ಕೂಡಲೆ ತಲೆ ಎತ್ತುತ್ತಿದ್ದೆ, ಅವರು ಹೂಂ ಎನ್ನುತ್ತಿದ್ದರು. ಐದು ಬಿಳಿ ಮಣಿ ಇದ್ದವು, ಬೇಕಾದದ್ದು ಆರು. ಒಂದು ಸ್ಫಟಿಕ ಹಾಕುತ್ತೇನೆಂದೆ. ಬೇಡ ಎಂದರು. ದರ್ಜಿಯ ಮನೆಗೆ ಕೊಟ್ಟಂಥದೇ ಹವಳ ಇದೆ ಎಂದೆ. ಅದೂ ಬೇಡ.

"ಒಂದು ಗಂಟು ಹಾಕು. ಬೆರಳಿಗೆ ಗೊತ್ತಾಗುವ ಹಾಗೆ, ದಪ್ಪಗೆ."

"ಎಲ್ಲಿ ಹಾಕ್ಲಿ?"

ಅವರು ಮಣೆಯ ಮೇಲೆ ಬೆರಳಿಟ್ಟು ತೋರಿಸಿದರು. ಎರಡನೆಯ ಹತ್ತು ಮುಗಿದು ಮೂರನೆಯದು ಶುರುವಾಗುವಲ್ಲಿ. ಅವರೇ ಕಲಿಸಿದ್ದ ಲೆಕ್ಕ ನನಗೆ ನೆನಪಿತ್ತು. ಸಂತೋಷದ ದಿನ ಮೂರನೆಯ ಹತ್ತಕ್ಕೆ ಬರುವುದು ಕೂಸು ಹುಟ್ಟಿದ್ದು. ನಾನು ದಾರವನ್ನು ಮೂರು ಸುತ್ತು ಸುತ್ತಿ ಬಿಗಿದೆ. ನನ್ನ ಕಸುಬಿನಲ್ಲಿ ಗಂಟು ಎಂದರೆ ಕಾಣದಂತೆ ಮಣಿಯ ತೂತಿನೊಳಗೆ ಸೇರಿಸುವುದು. ಕಾಣುವ ಹಾಗೆ ನಾನು ಹಾಕಿದ್ದು ಅದೊಂದನ್ನೇ.

ಮೂವತ್ತನೆಯ ದಿನ ಸಂಜೆ ಅವರು ಖೋಲಿಯ ಬಾಗಿಲು ಮುಂದೆ ಮಾಡಲಿಲ್ಲ. ಒಂದು ಮೇಣದಬತ್ತಿ ಹಚ್ಚಿ ಚಾಪೆಯ ಮೇಲೆ ಮೊಣಕಾಲೂರಿದರು. ಹಿತ್ತಲ ಕಟ್ಟೆಯ ಮೇಲೆ ಆಯಿ ತನ್ನ ರುದ್ರಾಕ್ಷಿ ಹಿಡಿದು ಕೂತಿದ್ದಳು, ಪಕ್ಕದಲ್ಲಿ ನಾನು ಕೈ ಕಟ್ಟಿಕೊಂಡು ಕೂತಿದ್ದೆ. ಆ ಸಂಜೆ ಸೂಜಿ ಹಿಡಿಯಲು ಮನಸ್ಸಾಗಲಿಲ್ಲ.

ಕೊಂಕಣಿ ನನಗೆ ಬಾರದು. ಒಂದೇ ಮಾತು ಹತ್ತು ಸಲ ಸುತ್ತಿ ಬರುವುದಷ್ಟೇ ತಿಳಿಯುತ್ತಿತ್ತು. ದೊಡ್ಡ ಮಣಿ ಸಿಕ್ಕಾಗ ದನಿ ನಿಲ್ಲುತ್ತಿತ್ತು, ಅವರ ತಾಯಿಯ ಹೆಸರು ಕೇಳಿಸುತ್ತಿತ್ತು, ಮತ್ತೆ ಜಪ ನಡೆಯುತ್ತಿತ್ತು. ಮೊದಲಿಗೆ ಹಾಗಾಯಿತು. ಮೊದಲ ಹತ್ತು ಮುಗಿದಾಗಲೂ ಹಾಗೇ ಆಯಿತು. ನಾನು ಬೆರಳಿನ ಮೇಲೆ ಎಣಿಸುತ್ತಿದ್ದೆ.

ಎರಡನೆಯ ಹತ್ತು ಮುಗಿಯಿತು. ದನಿ ನಿಂತಿತು. ಈ ಸಲ ಬಹಳ ಹೊತ್ತು ನಿಂತಿತು. ನನ್ನ ಗಂಟು ಅವರ ಬೆರಳಿಗೆ ಸಿಕ್ಕಿತ್ತು. ಆಯಿಯೂ ಮಣಿ ಎಳೆಯುವುದನ್ನು ನಿಲ್ಲಿಸಿ ಕಿವಿ ಕೊಟ್ಟಳು.

ತಾಯಿಯ ಹೆಸರು ಕೇಳಿಸಲಿಲ್ಲ. ಕುಣಿಕೋಣೂರಿನ ಅಂಗಳದಲ್ಲಿ ಆ ಬಾಣಂತಿ ಹೇಳಿದ ಹೆಸರು ಕೇಳಿಸಿತು.